ಒಂದನೇ ಸಾಲಲ್ಲಿ ಎಂತದೂ ಇಲ್ಲ, ಆದ್ರೂ ಎರರ್

ಮೊನ್ನೆ ಉಡುಪಿಯಿಂದ ಒಬ್ಬ ಹುಡುಗನ ಫೋನ್, ಸರ್ ಪಿಎಚ್‌ಪಿಯಲ್ಲಿ (ವೆಬ್‌ಸೈಟ್ ಬರೆಯುವ ಭಾಷೆ) ಮಾಡಿದ ಸೈಟ್ ನನ್ನ ಲ್ಯಾಪ್‌ಟಾಪಲ್ಲಿ ಚೆಂದ ಓಡ್ತದೆ, ಸರ್ವರಿಗೆ ಹಾಕಿದ ಕೂಡ್ಲೇ ಲಾಗಿನ್ ನಿಲ್ಲುದಿಲ್ಲ, ಮೇಲೆ 'ಹೆಡರ್ಸ್ ಆಲ್ರೆಡಿ ಸೆಂಟ್' ಅಂತ ಬರ್ತದೆ, ಸೆಷನ್ ಸ್ಟಾರ್ಟ್ ಇರುವ ಸಾಲನ್ನ ಹತ್ತು ಸಲ ಬದಲಿಸಿ ನೋಡಿದೆ ಅಂತ. ಅಲ್ಲೇ ಇರುದು ತಪ್ಪು ಮಾರಾಯ್ರೆ. ಆ ವಾರ್ನಿಂಗಲ್ಲಿ ಎರಡು ಫೈಲಿನ ಹೆಸ್ರು ಇರ್ತದೆ, ಎಲ್ಲರೂ ಕೊನೆಯದ್ದನ್ನ ಹಿಡ್ಕೊಂಡು ಒದ್ದಾಡುದು, ಅದು ಪೆಟ್ಟು ತಿಂದ ಜಾಗ ಅಷ್ಟೆ, ಕೊಟ್ಟವ ಯಾರು ಅಂತ 'ಔಟ್‌ಪುಟ್ ಸ್ಟಾರ್ಟೆಡ್ ಅಟ್' ಅಂತ ಬ್ರಾಕೆಟಲ್ಲಿ ಬರೆದೇ ಉಂಟು.

ಸೆಷನ್ ಅಂದ್ರೆ ಲಾಗಿನ್ ಆದವ ಯಾರು ಅಂತ ಸರ್ವರ್ ನೆನಪಿಡುದು, ಅದಕ್ಕೆ ಬ್ರೌಸರಿಗೆ ಒಂದು ಕುಕೀ, ಅಂದ್ರೆ ಗುರುತಿನ ಚೀಟಿ ಹೋಗ್ಬೇಕು, ಕುಕೀ ಹೋಗುದು ಹೆಡರಲ್ಲಿ, ಅಂದ್ರೆ ಪೇಜಿನ ಮುಂದೆ ಹೋಗುವ ಮಾಹಿತಿಯಲ್ಲಿ, ಆ ಹೆಡರ್ ಪೇಜಿನ ಮೊದಲ ಅಕ್ಷರಕ್ಕಿಂತ ಮುಂಚೆ ಹೋಗ್ಬೇಕು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿಂದ ಹೊರಟ ಬಸ್ಸಿನ ಬೋರ್ಡನ್ನ ಮುಂದಿನ ಜ್ಯೋತಿ ಸ್ಟಾಪಲ್ಲಿ ಬದಲಿಸಿದ್ರೆ ಹತ್ತಿ ಕೂತವ್ರು ಬಿಡ್ತಾರಾ?

ಅವನ ಬ್ರಾಕೆಟಲ್ಲಿ ಇದ್ದದ್ದು ಕನ್ನಡ ಪದಗಳನ್ನೆಲ್ಲ ಹಾಕಿಟ್ಟ ಫೈಲು, ಸಾಲು 1. ತೆಗೆದು ನೋಡಿದ್ರೆ ಪಿಎಚ್‌ಪಿ ಶುರುವಾಗುವ ಟ್ಯಾಗ್ ಬಿಟ್ರೆ ಎಂತದೂ ಇಲ್ಲ. ನಂಗೆ ಆಗ್ಲೇ ಗೊತ್ತಾಯ್ತು, ಎಲ್ಲಿ ಸೇವ್ ಮಾಡಿದ್ದು ಕೇಳಿದೆ, ಆಫೀಸಿನ ಹಳೇ ವಿಂಡೋಸ್ 7 ಕಂಪ್ಯೂಟರಿನ ನೋಟ್‌ಪ್ಯಾಡಲ್ಲಿ ಅಂದ. ಹಳೇ ನೋಟ್‌ಪ್ಯಾಡಲ್ಲಿ ಯುಟಿಎಫ್-8 (ಕನ್ನಡ ಅಕ್ಷರ ಉಳಿಯುವ ಬಗೆ) ಅಂತ ಸೇವ್ ಮಾಡಿದ್ರೆ ಫೈಲಿನ ತಲೆಗೆ ಬೈಟ್ ಆರ್ಡರ್ ಮಾರ್ಕ್ (ಚಿಕ್ಕದಾಗಿ ಬಾಮ್) ಅಂತ 3 ಬೈಟ್ ಸೇರ್ತದೆ, ಕಣ್ಣಿಗೆ ಕಾಣುದಿಲ್ಲ, ಪಿಎಚ್‌ಪಿಗೆ ಮಾತ್ರ ಅದೂ ಔಟ್‌ಪುಟ್ಟೇ, ಅಂದ್ರೆ ಪೇಜು ಆಗ್ಲೇ ಹೊರಟ ಲೆಕ್ಕ. 2019ರ ವಿಂಡೋಸ್ 10 ಅಪ್‌ಡೇಟ್ ಆದ್ಮೇಲೆ ನೋಟ್‌ಪ್ಯಾಡ್ ಅದನ್ನ ತಾನಾಗಿ ಸೇರಿಸುದಿಲ್ಲ. ಇಂಗ್ಲಿಷ್ ಮಾತ್ರ ಬರೆಯುವವ್ರಿಗೆ ಈ ಕಾಟ ಕಡಿಮೆ, ಕನ್ನಡ ಹಾಕಲಿಕ್ಕೆ ಹೋದ ನಮ್ಮಂಥವ್ರಿಗೇ ಜಾಸ್ತಿ, ಎಂತ ಮಾಡುದು.

ಮತ್ತೆ ಲ್ಯಾಪ್‌ಟಾಪಲ್ಲಿ ಯಾಕೆ ಓಡಿತು? ಅಲ್ಲಿ ಔಟ್‌ಪುಟ್ ಬಫರಿಂಗ್ 4096 ಅಂತ ಇತ್ತು, ಅಷ್ಟು ಬೈಟ್ ತುಂಬುವ ತನಕ ಪಿಎಚ್‌ಪಿ ಒಳಗೇ ಹಿಡ್ಕೊಳ್ತದೆ, ಸರ್ವರಲ್ಲಿ ಅದು ಆಫ್. ಹಾಗಾದ್ರೆ ಕೋಡಿನ ಮೇಲೆ ಓಬಿ ಸ್ಟಾರ್ಟ್ (ಆ ಬಫರಿಂಗನ್ನ ಶುರು ಮಾಡುವ ಸಾಲು) ಹಾಕಿಬಿಡ್ಲಾ ಅಂದ. ಹಾಕಿದ್ರೆ ಎರರ್ ಹೋಗ್ತದೆ, ಇಲ್ಲ ಅನ್ನುದಿಲ್ಲ, ಆದ್ರೆ ಅದು ಹಂಚು ಸೋರುವಾಗ ಕೆಳಗೆ ಬಾಲ್ದಿ ಇಟ್ಟ ಹಾಗೆ, ಪಿಡಿಎಫ್ ಇಲ್ಲಾ ಇಮೇಜ್ ಕಳಿಸುವ ದಿನ ಅದೇ 3 ಬೈಟ್ ಮುಂದೆ ಹೋಗಿ ಕೂರ್ತದೆ.

ಇನ್ನೊಂದು, ಬರೀ ಪಿಎಚ್‌ಪಿ ಇರುವ ಫೈಲಿನ ಕೊನೆಯಲ್ಲಿ ಮುಚ್ಚುವ ಟ್ಯಾಗ್ ಬೇಡವೇ ಬೇಡ, ಅದರ ನಂತರ ಒಂದು ಎಂಟರ್ ಆದ್ರೆ ಪಿಎಚ್‌ಪಿ ನುಂಗ್ತದೆ, ಎರಡಾದ್ರೆ ಇದೇ ಕಥೆ. ವಾರ್ನಿಂಗೇ ಇಲ್ಲದೆ ಲಾಗಿನ್ ಹೋಗ್ತದಾದ್ರೆ ಅದು ಬೇರೆ ರೋಗ, ಸೆಷನ್ ಇಡುವ ಫೋಲ್ಡರಿಗೆ ಬರೆಯುವ ಪರ್ಮಿಶನ್ ಉಂಟಾ, ಡಿಸ್ಕ್ ತುಂಬಿದೆಯಾ ನೋಡಿ.

ಹುಡುಗ ಫೈಲನ್ನ ಬಾಮ್ ಇಲ್ಲದೆ ಸೇವ್ ಮಾಡಿ ಹಾಕಿದ, ಎರಡು ನಿಮಿಷದ ಕೆಲಸ. ಎರಡು ದಿನ ಹೋಗಿತ್ತು ಅವಂದು.