ಕೋಲಿನ ಮೇಲಿನ ಹೆಸರು, ಕೋಲಿನ ಒಳಗಿನ ತಪ್ಪು

1986ರಲ್ಲಿ ತೆರೆಗೆ ಬಂದ ‘ದಿ ಕಲರ್ ಆಫ್ ಮನಿ’ ಚಿತ್ರದಲ್ಲಿ ಹಿರಿಯ ಆಟಗಾರನೊಬ್ಬ ಎಳೆಯನ ಕೈಗೆ ಒಂದು ಪೂಲ್ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಕೊಡುತ್ತಾನೆ. ಅದು ‘ಬಲಬುಷ್ಕ’ ಎಂಬುದೇ ಆ ದೃಶ್ಯದ ತೂಕ. ಆದರೆ ಕ್ಯಾಮೆರಾದ ಮುಂದಿದ್ದ ಕೋಲು ಹೆಸರಾಂತ ಕ್ಯೂ ತಯಾರಕ ಜಾರ್ಜ್ ಬಲಬುಷ್ಕ ಅವರ ಕೈಯಿಂದ ಬಂದದ್ದಲ್ಲ, ಅದೇ ಚಹರೆಯ ಜಾಸ್ ಕಂಪನಿಯ ಕ್ಯೂ. ಬಲಬುಷ್ಕ ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು. ಚಿತ್ರದಿಂದ ಅವರ ಹೆಸರು ಪೂಲ್ ಆಡದವರ ಕಿವಿಗೂ ಬಿತ್ತು. ಅವರ ಕೋಲುಗಳ ಬೆಲೆ ಏರಿತು, ಬೆಲೆಯ ಬೆನ್ನು ಹತ್ತಿ ನಕಲಿಗಳೂ ಬಂದವು.

ಕಸ್ಟಮ್ ಕ್ಯೂ, ಅಂದರೆ ಹೇಳಿ ಮಾಡಿಸಿಕೊಳ್ಳುವ ಕ್ಯೂ, ತಯಾರಕರ ಬಗ್ಗೆ ಇಂದು ಏಳುವ ತಕರಾರುಗಳನ್ನು ಬಿಡಿಸುತ್ತ ಹೋದರೆ ಈ ತಿರುವಿಗೇ ಬಂದು ತಲುಪುತ್ತೇವೆ. ಕೋಲನ್ನು ಕೈಯಲ್ಲಿ ಹಿಡಿದು ಬೆಲೆ ಕಟ್ಟುತ್ತಿದ್ದ ಕಾಲ ಹೋಗಿ, ಹೆಸರು ಕೇಳಿ ಬೆಲೆ ಕಟ್ಟುವ ಕಾಲ ಬಂದಿತು. ಅದರೊಂದಿಗೆ ತಪ್ಪಿನ ಅರ್ಥವೂ ಬದಲಾಯಿತು.

ಮೊದಲು ಇಂಥ ಹೆಸರುಗಳೇ ಇರಲಿಲ್ಲ. 1845ರಲ್ಲಿ ಸಿನ್ಸಿನಾಟಿಯಲ್ಲಿ ಶುರುವಾದ ಬ್ರನ್ಸ್‌ವಿಕ್ ಕಂಪನಿ ಬಿಲಿಯರ್ಡ್ಸ್ ಮೇಜುಗಳ ಜೊತೆಗೆ ಕ್ಯೂಗಳನ್ನೂ ರಾಶಿಗಟ್ಟಲೆ ತಯಾರಿಸಿತು. ಪೂಲ್ ಹಾಲಿನ ಗೋಡೆಗೆ ನಿಲ್ಲಿಸಿರುತ್ತಿದ್ದ ಆ ಒಂದೇ ತುಂಡಿನ ಕೋಲುಗಳನ್ನು ಯಾರು ಮಾಡಿದರೆಂದು ಯಾರೂ ಕೇಳುತ್ತಿರಲಿಲ್ಲ. ಒಬ್ಬ ಕುಶಲಕರ್ಮಿಯ ಹೆಸರು ಆಟಗಾರರ ಬಾಯಲ್ಲಿ ನಿಲ್ಲತೊಡಗಿದ್ದು ಷಿಕಾಗೊದ ಹರ್ಮನ್ ರ‍್ಯಾಂಬೋ ಅವರಂಥವರಿಂದ. ಬ್ರನ್ಸ್‌ವಿಕ್‌ನಲ್ಲಿ ಪಳಗಿದ ಅವರು ವಿಲ್ಲಿ ಹಾಪಿಯಂಥ ಚಾಂಪಿಯನ್ನರಿಗೆ ಕ್ಯೂ ಮಾಡಿಕೊಟ್ಟರು. ಹಾಪಿ ಆಡುವುದನ್ನು ನೋಡಿದವನಿಗೆ ಅವರ ಕೋಲು ಎಲ್ಲಿಂದ ಬಂತೆಂದು ತಿಳಿಯುವ ಆಸೆ ಹುಟ್ಟಿತು. ಪ್ರಚಾರಕ್ಕೆ ಅಷ್ಟೇ ಸಾಕಿತ್ತು.

ಬಲಬುಷ್ಕ 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, 1924ರಲ್ಲಿ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನಲ್ಲಿ ಮರಗೆಲಸ ಮಾಡಿಕೊಂಡಿದ್ದ ಅವರು 1959ರಲ್ಲಿ ಸ್ನೇಹಿತರಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡಲು ಕ್ಯೂ ಮಾಡಿದರು. ಬೇಡಿಕೆ ತಾನಾಗಿ ಬಂತು. 1961ರಿಂದ ಒಂದು ದಶಕಕ್ಕೂ ಮಿಕ್ಕು ಇಲಿನಾಯ್ ರಾಜ್ಯದ ಜಾನ್‌ಸ್ಟನ್ ಸಿಟಿಯಲ್ಲಿ ಪೂಲ್ ಪಂದ್ಯಾವಳಿಗಳು ನಡೆಯುತ್ತಿದ್ದವು. ದೇಶದ ಮೂಲೆಮೂಲೆಯ ಆಟಗಾರರು ಅಲ್ಲಿ ಕೂಡುತ್ತಿದ್ದರು. ಇಂಥ ಕೂಟಗಳಲ್ಲಿ ಕ್ಯೂಗೆ ಬೇರೆ ಪರೀಕ್ಷೆ ಬೇಕಿರಲಿಲ್ಲ. ಹಣ ಕಟ್ಟಿ ಆಡುವವನು ಸಡಿಲ ಕೋಲನ್ನು ಸಹಿಸುವುದಿಲ್ಲ, ಸಹಿಸದ ಸಂಗತಿಯನ್ನು ಪಕ್ಕದವನಿಗೆ ಹೇಳದೆಯೂ ಇರುವುದಿಲ್ಲ.

ಇಲ್ಲೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಬಲಬುಷ್ಕ ಕ್ಯೂಗಳ ಬಟ್‌ನಲ್ಲಿ ಅಂದರೆ ಹಿಡಿಯುವ ದಪ್ಪ ಹಿಂಭಾಗದಲ್ಲಿ ಕಾಣುವ ಚೂಪಾದ ಮೊನೆಗಳ ಜೋಡಣೆ ಬಹುಪಾಲು ಬೇರೆಯವರದು. ಮೊದಲು ಅವರು ಬ್ರನ್ಸ್‌ವಿಕ್‌ನ ಟೈಟ್ಲಿಸ್ಟ್ ಕೋಲುಗಳನ್ನು ಕೊಯ್ದು ಬಳಸಿದರು. ಆಮೇಲೆ ಷಿಕಾಗೊದ ಬರ್ಟನ್ ಸ್ಪೇನ್ ಅವರಿಂದ, ಬಳಿಕ ಪೆನ್ಸಿಲ್ವೇನಿಯಾದ ಗಸ್ ಜಾಂಬೋಟಿ ಅವರಿಂದ ಜೋಡಿಸಿದ ಮರದ ತುಂಡುಗಳನ್ನು, ಅಂದರೆ ಬ್ಲಾಂಕ್‌ಗಳನ್ನು ಕೊಂಡರು. ಜಾಂಬೋಟಿ ಮುಂದೆ ತಾವೇ ಬಲಬುಷ್ಕರಿಗೆ ಸಮನಾದ ಹೆಸರು ಮಾಡಿದರು. ಇದರಲ್ಲಿ ಮೋಸವೇನೂ ಇರಲಿಲ್ಲ. ಒಳ್ಳೆಯ ಜೋಡಣೆಯನ್ನು ಗುರುತಿಸುವುದು, ಅದನ್ನು ಲೇತ್‌ಗೆ (ಮರ ಕಡೆಯುವ ಯಂತ್ರಕ್ಕೆ) ಕೂರಿಸಿ ನೇರವಾಗಿ ಇಳಿಸುವುದು, ಎರಡು ತುಂಡುಗಳು ಸೇರುವ ಜಾಯಿಂಟ್ ಬಿಗಿಯುವುದು, ತೂಕವನ್ನು ಕೈಗೆ ಒಪ್ಪುವಂತೆ ಹಂಚುವುದು, ಇದೆಲ್ಲ ದೊಡ್ಡ ವಿದ್ಯೆಯೇ. ಆದರೆ ‘ಒಬ್ಬನೇ ಮನುಷ್ಯ, ಒಂದೇ ಕೈ’ ಎಂಬ ಕಥೆ ನಂತರದ ಸಂಗ್ರಾಹಕರು ಕಟ್ಟಿಕೊಂಡದ್ದು. ಆ ಕಥೆಯನ್ನು ಅಳತೆಗೋಲಾಗಿ ಹಿಡಿದು ಇಂದಿನ ತಯಾರಕನನ್ನು ‘ಮೊನೆ ನೀನೇ ಕೊರೆದೆಯಾ?’ ಎಂದು ತರಾಟೆಗೆ ತೆಗೆದುಕೊಳ್ಳುವುದು ನನಗೆ ಅನ್ಯಾಯವೆನಿಸುತ್ತದೆ.

ಆ ಮೊನೆಗಳನ್ನೇ ಹತ್ತಿರದಿಂದ ನೋಡೋಣ. ಬಟ್‌ನ ಮುಂಭಾಗಕ್ಕೆ ಸಾಮಾನ್ಯವಾಗಿ ಮೇಪಲ್ ಮರ. ಅದರಲ್ಲಿ ಇಂಗ್ಲಿಷಿನ ‘ವಿ’ ಆಕಾರದ ನಾಲ್ಕು ಕಾಲುವೆಗಳನ್ನು ಕೊರೆಯುತ್ತಾರೆ. ಹಿಂದೆ ಆಳ, ಮುಂದೆ ಬರುತ್ತ ಬರುತ್ತ ತೆಳುವಾಗಿ ಕಾಲುವೆ ಮೇಲ್ಮೈಯಲ್ಲಿ ಕರಗಿಹೋಗುತ್ತದೆ. ಎಬನಿ ಅಥವಾ ರೋಸ್‌ವುಡ್ ಪಟ್ಟಿಗಳಿಗೆ ಬಣ್ಣದ ವೆನೀರ್ (ತೆಳು ಮರದ ಹಾಳೆ) ಅಂಟಿಸಿ ಆ ಕಾಲುವೆಯಲ್ಲಿ ಕೂರಿಸಿ, ಲೇತ್‌ನಲ್ಲಿ ತಿರುಗಿಸಿ ಸಪೂರ ಮಾಡುತ್ತಾರೆ. ಕಾಲುವೆಯ ಏರು ತೀರಾ ಸೌಮ್ಯ. ಹಾಗಾಗಿ ಆಳದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೂ ಮೇಲೆ ಮೊನೆ ಎರಡು ಮೂರು ಮಿಲಿಮೀಟರ್ ಮುಂದೆಯೋ ಹಿಂದೆಯೋ ಸರಿದು ನಿಲ್ಲುತ್ತದೆ. ಲೇತ್‌ನಲ್ಲಿ ಮರ ಕೂದಲೆಳೆಯಷ್ಟು ಕೇಂದ್ರ ತಪ್ಪಿ ಕುಳಿತರೆ ಒಂದು ಪಕ್ಕದ ಮೊನೆಗಳು ಉದ್ದವಾಗುತ್ತವೆ, ಎದುರಿನವು ಮೊಟಕಾಗುತ್ತವೆ. ಕಣ್ಣಿಗೆ ಮೊದಲು ಬೀಳುವ ದೋಷ ಇದೇ.

ಆದರೆ ಮೊನೆ ಎರಡು ಮಿಲಿಮೀಟರ್ ಏರುಪೇರಾದರೆ ಚೆಂಡಿಗೆ ಗೊತ್ತಾಗುವುದಿಲ್ಲ. ಕೈಯಳತೆಯಲ್ಲಿ ಕೆಲಸ ನಡೆಯುತ್ತಿದ್ದ ಕಾಲದ ಹೆಸರಾಂತ ಕ್ಯೂಗಳಲ್ಲೂ ಸಮವಿಲ್ಲದ ಮೊನೆಗಳುಂಟು. ಅಲ್ಲಿ ಅದನ್ನು ‘ಕೈಗೆಲಸದ ಗುರುತು’ ಎನ್ನುತ್ತೇವೆ, ಬದುಕಿರುವ ತಯಾರಕನಲ್ಲಿ ಅದನ್ನೇ ‘ಅಜಾಗರೂಕತೆ’ ಎನ್ನುತ್ತೇವೆ. ಕಂಪ್ಯೂಟರ್ ನಿಯಂತ್ರಿತ ಕೊರೆಯುವ ಯಂತ್ರಗಳು, ಅಂದರೆ ಸಿಎನ್‌ಸಿ, ಈ ಕಸುಬಿಗೆ ಬಂದ ಮೇಲೆ ಕಣ್ಣು ಇನ್ನಷ್ಟು ಕಟುವಾಯಿತು. ಯಂತ್ರ ಒಂದೇ ಚಿತ್ತಾರವನ್ನು ಎಷ್ಟು ಬಾರಿ ಬೇಕಾದರೂ ಒಂದೇ ಅಳತೆಗೆ ಕೊರೆಯುತ್ತದೆ, ಆದರೆ ಅದರ ತಿರುಗುವ ದುಂಡು ಅಲಗು ಒಳಮೂಲೆಗಳನ್ನು ದುಂಡಗೆ ಬಿಡುತ್ತದೆ. ಅವನ್ನು ಚಾಕುವಿನಿಂದ ಚೂಪು ಮಾಡುವ ತಾಳ್ಮೆ ಇದ್ದವರು ಬೇರೆ, ಹಾಗೆಯೇ ಬಿಡುವವರು ಬೇರೆ. ಯಂತ್ರ ಬಳಸಿದ್ದೇ ಕೀಳು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಯಂತ್ರದಿಂದ ಬಂದದ್ದನ್ನು ಕೈಯಲ್ಲಿ ಕೊರೆದದ್ದು ಎಂದು ಮಾರುವುದು ಕೀಳು.

ಕಾಣದ ದೋಷಗಳು ಹೆಚ್ಚು ಗಂಭೀರ. ಹಿಡಿಯ ಭಾಗ ಮತ್ತು ಅದರ ಮುಂದಿನ ಭಾಗ ಸೇರುವಲ್ಲಿ ಒಳಗೊಂದು ಬೋಲ್ಟ್ ಇರುತ್ತದೆ. ಅದರ ಸುತ್ತ ಅಂಟು ಪೂರ್ತಿ ತುಂಬದಿದ್ದರೆ ಹೊಡೆದಾಗ ಸಣ್ಣ ಝೇಂಕಾರ ಕೇಳುತ್ತದೆ. ‘ಬಝ್’ ಎಂದರೆ ಕ್ಯೂ ಬಲ್ಲವರೆಲ್ಲ ಬೆಚ್ಚುತ್ತಾರೆ, ಏಕೆಂದರೆ ಅದರ ಮೂಲ ಹುಡುಕಲು ಕೋಲನ್ನೇ ಬಿಚ್ಚಬೇಕಾದೀತು. ಡೊಂಕಿನ ವಿಷಯ ಇನ್ನೂ ಸೂಕ್ಷ್ಮ. ಶಾಫ್ಟ್ (ಚೆಂಡಿಗೆ ತಾಗುವ ತೆಳ್ಳನೆಯ ಮುಂಭಾಗ) ಮತ್ತು ಬಟ್ ಬಿಡಿಬಿಡಿಯಾಗಿ ಮೇಜಿನ ಮೇಲೆ ನೇರವಾಗಿ ಉರುಳಿ, ಜೋಡಿಸಿದಾಗ ಮಾತ್ರ ಕುಣಿದರೆ ಜಾಯಿಂಟಿನ ಮುಖಗಳು ಕೋಲಿಗೆ ಸರಿಯಾದ ಲಂಬಕೋನದಲ್ಲಿ ಕೂತಿಲ್ಲ ಎಂದರ್ಥ. ಅದು ಮೇಲುನೋಟಕ್ಕೆ ತಯಾರಕನ ತಪ್ಪು. ಶಾಫ್ಟ್ ಒಂದೇ ಬಾಗಿದ್ದರೆ ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಮರ ತೇವ ಹೀರುತ್ತದೆ, ಬಿಡುತ್ತದೆ. ಒಳ್ಳೆಯ ತಯಾರಕರು ಶಾಫ್ಟನ್ನು ಒಂದೇ ಸಲಕ್ಕೆ ಸುಮಾರು 13 ಮಿಲಿಮೀಟರಿನ ತುದಿಗೆ ಇಳಿಸುವುದಿಲ್ಲ. ಸ್ವಲ್ಪ ಕಡೆದು, ತೂಗುಹಾಕಿ, ತಿಂಗಳುಗಟ್ಟಲೆ ಬಿಟ್ಟು, ಮತ್ತೆ ಕಡೆಯುತ್ತಾರೆ. ಪ್ರತಿ ಕಡೆತಕ್ಕೂ ಒಳಗಿನ ಸೆಳೆತ ಸಡಿಲಗೊಂಡು ಮರ ಬಾಗುವುದಾದರೆ ಅಂಗಡಿಯಲ್ಲೇ ಬಾಗಲಿ ಎಂಬ ಲೆಕ್ಕ. ಬಾಗಿದ್ದನ್ನು ಪಕ್ಕಕ್ಕೆಸೆಯುತ್ತಾರೆ. ಇಷ್ಟಾದರೂ ಕೊಂಡವನು ಬಿಸಿಲಿನ ಕಾರಿನಲ್ಲಿ ಇಡೀ ದಿನ ಬಿಟ್ಟರೆ ಯಾರ ಕೈಗುಣವೂ ಅದನ್ನು ಕಾಯುವುದಿಲ್ಲ. ಡೊಂಕು ಕಂಡ ಕೂಡಲೇ ಒಬ್ಬ ಕರ್ಮಿಯ ಜೀವಮಾನದ ಹೆಸರಿಗೆ ಮಸಿ ಬಳಿಯುವ ಮೊದಲು ಈ ಉರುಳಿಸಿ ನೋಡುವ ಕೆಲಸವನ್ನಾದರೂ ಮಾಡಬೇಕು.

ಹಾಗಾದರೆ ಹೆಸರು ಕೆಡುವುದು ಯಾವುದರಿಂದ? ಬಹುತೇಕ ತಡದಿಂದ ಮತ್ತು ಮೌನದಿಂದ. ಲಾಸ್ ವೇಗಸ್‌ನಲ್ಲಿ ಜೆರ‍್ರಿ ಫ್ರಾಂಕ್ಲಿನ್ ಕಟ್ಟಿದ ಸೌತ್‌ವೆಸ್ಟ್ ಕ್ಯೂಗಳಿಗೆ ಜನ ವರ್ಷಗಟ್ಟಲೆ ಕಾದರು, 1996ರಲ್ಲಿ ಅವರು ತೀರಿಕೊಂಡ ಮೇಲೂ ಅಂಗಡಿ ನಡೆಯಿತು, ಕಾಯುವವರ ಪಟ್ಟಿ ಕರಗಲಿಲ್ಲ. ಕಾಯುವಿಕೆಯೇ ಅಲ್ಲಿ ಗೌರವದ ಗುರುತಾಯಿತು. ಅದೇ ಕಾಯುವಿಕೆ, ಮುಂಗಡ ಪಡೆದು ದೂರವಾಣಿ ಎತ್ತದ ತಯಾರಕನಲ್ಲಿ ವಂಚನೆಯ ವಾಸನೆ ಹೊಡೆಯುತ್ತದೆ. ಒಬ್ಬಿಬ್ಬರೇ ದುಡಿಯುವ ಅಂಗಡಿ, ಕಾಯಿಲೆ, ಸಾಲ, ಒಪ್ಪಿಕೊಂಡದ್ದಕ್ಕಿಂತ ಹೆಚ್ಚಾದ ಕೆಲಸ, ಇದೆಲ್ಲ ನಿಜ. ಆದರೂ ಹಣ ಕೊಟ್ಟವನಿಗೆ ಒಂದು ಮಾತು ಹೇಳುವುದು ಮೊನೆ ಕೊರೆಯುವಷ್ಟು ಕಷ್ಟದ ಕೆಲಸವಲ್ಲ.

ಈ ನಡುವೆ ಕಸುಬಿನವರೇ ಒಂದು ಕಟ್ಟುಪಾಡು ಹುಡುಕಿದರು. 1992ರಲ್ಲಿ ಅಮೆರಿಕನ್ ಕ್ಯೂಮೇಕರ್ಸ್ ಅಸೋಸಿಯೇಷನ್ ಹುಟ್ಟಿತು. ಅದೇ ದಶಕದಲ್ಲಿ ಬೆಲೆಪಟ್ಟಿಯ ಪುಸ್ತಕಗಳೂ ಬಂದವು. ಕ್ಯೂ ಆಡುವ ಸಾಧನವಾಗಿದ್ದಂತೆಯೇ ಕಪಾಟಿನ ಆಸ್ತಿಯೂ ಆಯಿತು. ದಂತದ ಜಾಯಿಂಟ್, ದಂತದ ಕೆತ್ತನೆ ಇರುವ ಹಳೆಯ ಕ್ಯೂಗಳಿಗೆ 2016ರಲ್ಲಿ ಅಮೆರಿಕ ಆನೆದಂತದ ವ್ಯಾಪಾರವನ್ನು ಬಹುತೇಕ ನಿಷೇಧಿಸಿದ್ದು ಇನ್ನೊಂದು ತೊಡಕಾಯಿತು. ಯಾವ ವರ್ಷದ್ದು, ಯಾರದು ಎಂಬ ಕಾಗದಪತ್ರಕ್ಕೆ ಎಂದೂ ಇಲ್ಲದ ಬೆಲೆ ಬಂತು.

ಕೆಟ್ಟುಹೋದ ಕೋಲನ್ನು ತಯಾರಕ ಏನು ಮಾಡುತ್ತಾನೆ ಎಂಬ ಪ್ರಶ್ನೆ ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಕೆಲವರು ಗರಗಸಕ್ಕೆ ಕೊಡುತ್ತಾರೆ. ಕೆಲವರು ಗುರುತು ಹಾಕದೆ ಕಡಿಮೆ ಬೆಲೆಗೆ ಬಿಡುತ್ತಾರೆ. ಹೀಗೆ ಬಿಟ್ಟದ್ದು ಮೂರನೆಯವನ ಕೈ ಸೇರುವ ಹೊತ್ತಿಗೆ ದೋಷದ ಕಥೆ ಕಳಚಿ ಹೆಸರು ಮಾತ್ರ ಉಳಿದಿರುತ್ತದೆ. ತಯಾರಕ ತೀರಿಕೊಂಡ ಮೇಲೆ ಅಂಗಡಿಯ ಮೂಲೆಯಲ್ಲಿ ಉಳಿದ ಬ್ಲಾಂಕ್‌ಗಳದ್ದೂ ಇದೇ ಪಾಡು. ಅವುಗಳಲ್ಲಿ ಕೆಲವು ಸರದಿ ಕಾಯುತ್ತಿದ್ದವು, ಕೆಲವು ಅವನೇ ಬೇಡವೆಂದು ಬದಿಗಿಟ್ಟವು. ಅಂಗಡಿ ಖಾಲಿ ಮಾಡುವವರಿಗೆ ಆ ಭೇದ ತಿಳಿಯದು. ಇನ್ನೊಬ್ಬರು ಅವನ್ನು ಮುಗಿಸಿ ಮಾರಿದಾಗ, ಬ್ಲಾಂಕ್ ಯಾರದು, ಮುಗಿಸಿದ್ದು ಯಾರು ಎಂದು ಎರಡೂ ಹೆಸರು ಹೇಳಿ ಮಾರುವವರನ್ನೇ ನಾನು ನಂಬುತ್ತೇನೆ. ಬೇಡವೆಂದು ಬದಿಗಿಟ್ಟದ್ದನ್ನು ಬದುಕಿರುವಾಗಲೇ ಕೊಯ್ದು ಒಲೆಗೆ ಹಾಕುವ ತಯಾರಕರಂತೂ ಈ ಗೊಂದಲಕ್ಕೆ ಅವಕಾಶವನ್ನೇ ಕೊಡುವುದಿಲ್ಲ.