ಆರು ವರ್ಷದ ಮಗುವನ್ನು ಮೊದಲ ಸಲ ಮೀನು ಶಿಕಾರಿಗೆ ಕರೆದೊಯ್ಯುವುದು ಹೇಗೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನಲ್ಲಿ, ಊರು ತೀರ್ಥಹಳ್ಳಿ ಕಡೆ. ಅಜ್ಜ ಹಿಂದೆ ಶಿಕಾರಿಗೆ ಹೋಗುತ್ತಿದ್ದ ಕತೆ ಕೇಳಿ ಕೇಳಿ, ಆರು ವರ್ಷದ ಮಗ ತಾನೂ ಹೋಗಬೇಕೆಂದು ಹಟ ಹಿಡಿದಿದ್ದಾನೆ. ಗಾಳ ಹಾಕಲಿಕ್ಕಾದರೂ ಕರೆದುಕೊಂಡು ಹೋಗೋಣ ಎಂದುಕೊಂಡಿದ್ದೇವೆ. ಇಷ್ಟು ಸಣ್ಣವನಿಗೆ ಆಗುತ್ತದೆಯೇ? ತಯಾರಿ ಏನು ಬೇಕು?

ಉತ್ತರ: ಧಾರಾಳವಾಗಿ ಆಗುತ್ತದೆ. ಆದರೆ ಒಂದು ಷರತ್ತು: ಜೊತೆಗೆ ಹೋಗುವ ದೊಡ್ಡವರು ತಮ್ಮ ಗಾಳವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ದೊಡ್ಡವರ ಕಣ್ಣು ತಮ್ಮ ದಾರದ ಬೆಂಡಿನ (ಮೀನು ಕಚ್ಚಿದ್ದನ್ನು ತೋರಿಸುವ, ನೀರ ಮೇಲೆ ತೇಲುವ ತುಂಡಿನ) ಮೇಲಿದ್ದರೆ ಮಗುವಿನ ಮೇಲೆ ಇರುವುದಿಲ್ಲ. ಮೊದಲ ದಿನ ಕೆಡುವುದು ಹೆಚ್ಚಾಗಿ ಇದರಿಂದಲೇ.

ಮೊದಲು ಕಾನೂನಿನ ಮಾತು. ಕಾಡುಪ್ರಾಣಿಯ ಶಿಕಾರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೊಲ, ಕಾಡುಕೋಳಿಯೂ ಅದರೊಳಗೇ ಬರುತ್ತವೆ, ಹಾಗಾಗಿ ಹುಡುಗನ ಖುಷಿಗೆ ಏರ್‌ಗನ್ ಕೊಡಿಸುವ ಯೋಚನೆಯೂ ಬೇಡ. ಮೀನಿಗೂ ಮಿತಿಯಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಹಳ್ಳಗಳಲ್ಲಿ ಗಾಳ ಹಾಕುವಂತಿಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರ, ನಿಮ್ಮೂರ ಹತ್ತಿರದ ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮಗಳಲ್ಲಂತೂ ಮೀನು ಮುಟ್ಟುವ ಹಾಗೇ ಇಲ್ಲ. (ಶಿಕಾರಿಯ ಹಿಂದಿನ ದಿನ ಅಲ್ಲಿಗೆ ಕರೆದೊಯ್ದು ಮೀನು ತೋರಿಸಿ. ನೀರೊಳಗೆ ಏನಿದೆ ಎಂದು ಕಂಡ ಮಗು ಮರುದಿನ ಬೆಂಡಿನ ಮುಂದೆ ತಾಳ್ಮೆಯಿಂದ ಕೂರುತ್ತದೆ.) ಊರಿನ ದೊಡ್ಡ ಕೆರೆಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳಿ. ಪರಿಚಯದವರ ತೋಟದ ಸಣ್ಣ ಕೆರೆ ಎಲ್ಲಕ್ಕಿಂತ ಒಳ್ಳೆಯದು.

ಸ್ಥಳ ಆರಿಸುವಾಗ ದಡ ನೋಡಿ, ಮೀನು ಆಮೇಲೆ. ನೀರಿಗೆ ನಿಧಾನವಾಗಿ ಇಳಿಯುವ, ಪಾಚಿ ಕಟ್ಟದ ಮಣ್ಣಿನ ದಡ ಬೇಕು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರ ಮಗುವನ್ನು ಒಯ್ಯಲೇಬೇಡಿ. ನೀರು ತಾಗಿದ ಹಾಸು ಸೋಪಿನಂತೆ ಜಾರುತ್ತದೆ, ಕೈಗೆ ಹಿಡಿತ ಸಿಗುವುದಿಲ್ಲ, ಈಜು ಬಲ್ಲ ದೊಡ್ಡವರಿಗೂ ಮೇಲೆ ಬರುವುದು ಕಷ್ಟ. ಮರಳು ತೆಗೆದ ಹೊಳೆಯೂ ಬೇಡ. ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದವಾಗುತ್ತದೆ. ಈಜು ಬರುವ ಒಬ್ಬರು ಮಗುವಿಗೆ ಕೈ ಎಟಕುವಷ್ಟು ಹತ್ತಿರ ಇರಬೇಕು. ಮಗುವಿಗೆ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಹಾಕಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ, ಯಾರಾದರೂ ನೀರಿಗೆ ಬಿದ್ದರೆ ಎಸೆಯಲು, ದಡದಲ್ಲಿ ಇಟ್ಟಿರಿ.

ಕಾಲ ಯಾವುದು? ಜೂನ್‌ನಿಂದ ಆಗಸ್ಟ್ ಬೇಡ. ಹಳ್ಳ ಯಾವ ಹೊತ್ತಿಗೆ ಏರುತ್ತದೆ ಹೇಳಲಾಗದು. ಇನ್ನೊಂದು ಕಾರಣವೂ ಇದೆ: ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಆಗ ಹಿಡಿದ ಒಂದು ಮೀನಿನ ಜೊತೆ ಮುಂದಿನ ವರ್ಷದ ಮೀನೂ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ನೀರು ತಿಳಿಯಾಗುತ್ತದೆ, ಆಗ ಚೆನ್ನ. ಬೇಸಿಗೆ ರಜೆಯಲ್ಲಾದರೆ ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಮುಗಿಸಿ. ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಜಾಸ್ತಿ. ಕೆರೆಯ ಬಯಲಲ್ಲಿ ಉದ್ದ ಕೋಲು ಎತ್ತಿ ಹಿಡಿದು ನಿಲ್ಲುವ ಹೊತ್ತು ಅದಲ್ಲ. ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಕಾಡಂಚಿಗೆ ಹೋಗಬೇಡಿ. ಬೇರೆ ಕಡೆಗೂ ಉದ್ದ ಪ್ಯಾಂಟು ಹಾಕಿಸಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಮೀಯಿಸಿ, ಕಂಕುಳು, ಕಿವಿಯ ಹಿಂಭಾಗದಲ್ಲಿ ಆ ಕಾಯಿಲೆ ಹರಡುವ ಉಣುಗು ಕಚ್ಚಿದೆಯೇ ನೋಡಿ.

ಈಗ ಗಾಳ. ರೀಲು ಇರುವ ರಾಡು ಮೊದಲ ದಿನಕ್ಕೆ ಬೇಡ, ಸಣ್ಣ ಕೈಗೆ ಅದು ಬರೀ ಗಂಟು. ಆರರಿಂದ ಏಳು ಅಡಿಯ ಹಗುರ ವಾಟೆ (ತೆಳು ಬಿದಿರು) ಕೋಲು ಸಾಕು. ಅದರ ತುದಿಗೆ 0.20ರಿಂದ 0.25 ಮಿ.ಮೀ. ದಪ್ಪದ ನೈಲಾನ್ ದಾರ, ಅಂದರೆ ತಂಗೂಸಿ, ಕಟ್ಟಿ. ದಾರದ ಉದ್ದ ಕೋಲಿಗಿಂತ ಅರ್ಧ ಅಡಿ ಕಡಿಮೆ ಇರಲಿ. ಹೀಗಿದ್ದರೆ ಕೋಲನ್ನು ನೆಟ್ಟಗೆ ಎತ್ತಿದಾಗ ಗಾಳ ತಾನಾಗಿ ಕೈಗೆ ಬರುತ್ತದೆ. ದಾರ ಹೆಚ್ಚಾದರೆ ಅದು ಹಿಂದಿನ ಗಿಡಕ್ಕೋ ಪಕ್ಕದವರ ಕೆನ್ನೆಗೋ ಹೋಗುತ್ತದೆ.

ಗಾಳ 10 ಅಥವಾ 12ನೇ ನಂಬರಿನದು (ನಂಬರು ಹೆಚ್ಚಿದಷ್ಟು ಗಾಳ ಸಣ್ಣದು). ಒಯ್ಯುವ ಮುನ್ನ ಪ್ರತಿ ಗಾಳದ ಒಳಮುಳ್ಳನ್ನು (ಮೊನೆಯ ಹಿಂದೆ ತಿರುಗಿ ನಿಂತ ಸಣ್ಣ ಮುಳ್ಳನ್ನು) ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ಬೆರಳಿಗೆ ಚುಚ್ಚಿದ ಗಾಳ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ, ಆಸ್ಪತ್ರೆಯಲ್ಲಿ ಕೊಯ್ಯಿಸಬೇಕಾಗಿಲ್ಲ. ಬೆಂಡಿಗೆ ಹಳೆ ಹವಾಯಿ ಚಪ್ಪಲಿಯಿಂದ ಹೆಬ್ಬೆರಳ ಉಗುರಿನಷ್ಟು ತುಂಡು ಕತ್ತರಿಸಿದರಾಯಿತು. ಭಾರಕ್ಕೆ ಸೀಸದ ಬದಲು ಸಣ್ಣದೊಂದು ನಟ್ಟು ಕಟ್ಟಿ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ, ಸೀಸ ವಿಷ. ಬೆಂಡಿನಿಂದ ಗಾಳಕ್ಕೆ ಒಂದು ಮೊಳ ಅಂತರ ಬಿಟ್ಟು ಶುರು ಮಾಡಿ. ಬೆಂಡು ಅಡ್ಡ ಮಲಗಿದರೆ ನಟ್ಟು ತಳಕ್ಕೆ ಕೂತಿದೆ ಎಂದರ್ಥ, ಅಂತರ ನಾಲ್ಕು ಬೆರಳು ಕಡಿಮೆ ಮಾಡಿ.

ಎರೆಹುಳ ಬಾಳೆಬುಡದಲ್ಲಿ, ಬಚ್ಚಲು ನೀರು ಹೋಗುವಲ್ಲಿ ಸಿಗುತ್ತದೆ. ಅಗೆದು ಹುಡುಕುವ ಕೆಲಸ ಮಗುವಿಗೇ ಬಿಡಿ. ಗೆರಟೆಯಲ್ಲಿ ಒದ್ದೆ ಮಣ್ಣಿನ ಜೊತೆ ಇಟ್ಟರೆ ಹುಳ ಬಿಸಿಲಿಗೆ ಸಾಯುವುದಿಲ್ಲ. ಇಡೀ ಹುಳ ಪೋಣಿಸಬೇಡಿ, ಜೋತ ಬಾಲವನ್ನು ಮಾತ್ರ ಕಚ್ಚಿ ಮೀನು ಹೋಗಿಬಿಡುತ್ತದೆ. ಒಂದು ಇಂಚು ಸಾಕು. ಗೆಂಡೆ, ಜಿಲೇಬಿ (ತಿಲಾಪಿಯಾ) ಮೀನು ಇರುವ ಕೆರೆಗೆ ಗೋಧಿ ಹಿಟ್ಟಿನ ಉಂಡೆಯೂ ಆಗುತ್ತದೆ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಚಿಟಿಕೆ ಹತ್ತಿ ಎಳೆ ಬಿಡಿಸಿ ಸೇರಿಸಿದರೆ ನೀರಲ್ಲಿ ಬೇಗ ಕರಗುವುದಿಲ್ಲ. ಕಡಲೆ ಕಾಳಿನಷ್ಟೇ ಗಾತ್ರ ಇರಲಿ.

ಹಿಂದಿನ ದಿನ ಅಂಗಳದಲ್ಲಿ ಗಾಳ ಇಲ್ಲದೆ, ಬರೀ ನಟ್ಟು ಕಟ್ಟಿ, ಬಕೆಟ್ಟಿಗೆ ಗುರಿಯಿಟ್ಟು ಅಭ್ಯಾಸ ಮಾಡಿಸಿ. ತಲೆಯ ಮೇಲಿಂದ ಬೀಸಬಾರದು, ತೊಟ್ಟಿಲು ತೂಗಿದಂತೆ ಕೆಳಗಿನಿಂದ ತೂಗಿ ಬಿಡಬೇಕು. ಎಲ್ಲಕ್ಕಿಂತ ಮುಖ್ಯ, ಎತ್ತುವ ಹದ. ಬೆಂಡು ಸುಮ್ಮನೆ ನಡುಗಿದರೆ ಪುಡಿಮೀನು ಮೂತಿ ಹಾಕುತ್ತಿದೆ, ಕಾಯಬೇಕು. ಒಂದು ಪಕ್ಕಕ್ಕೆ ಜಾರಿದರೆ, ಇಲ್ಲವೇ ಪೂರ್ತಿ ಮುಳುಗಿದರೆ ಎತ್ತಬೇಕು. ಮಕ್ಕಳು ಗಾಬರಿಯಲ್ಲಿ ಜಗ್ಗುತ್ತಾರೆ. ಮೀನಿನ ತುಟಿ ಹರಿದು ಗಾಳ ಮುಖಕ್ಕೆ ಹಾರುತ್ತದೆ. ಕೊಡೆ ಎತ್ತಿದ ಹಾಗೆ ಎತ್ತು ಎಂದರೆ ಮಗುವಿಗೆ ಅರ್ಥವಾಗುತ್ತದೆ. ಟೋಪಿ, ಪವರ್ ಇಲ್ಲದ ಕನ್ನಡಕ ಇಬ್ಬರಿಗೂ ಇರಲಿ. ಕಣ್ಣಿನ ಹತ್ತಿರ ಗಾಳ ಚುಚ್ಚಿದರೆ ತೆಗೆಯಲು ಹೋಗಬೇಡಿ. ದಾರ ಕತ್ತರಿಸಿ, ಒತ್ತದಂತೆ ಮರೆ ಮಾಡಿ ನೇರ ಆಸ್ಪತ್ರೆಗೆ ಹೋಗಿ.

ಮೀನು ಬಂದಾಗ ಗಾಳ ಬಿಡಿಸುವುದು ದೊಡ್ಡವರ ಕೆಲಸ. ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚದಂತೆ ಒದ್ದೆ ಕೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿ ಹಿಡಿಯಿರಿ. ಮೀಸೆಯಿರುವ ಕಪ್ಪು ಮೀನು ಬಂದರೆ ಮಗು ದೂರ ಇರಲಿ. ಅದು ಚೇಳು ಮೀನಾಗಿರಬಹುದು, ಅದರ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಆ ಭಾಗವನ್ನು ತಾಳಬಹುದಾದಷ್ಟು ಬಿಸಿಯ ನೀರಲ್ಲಿ ಅದ್ದಿಡಿ (ಮೊದಲು ನಿಮ್ಮ ಕೈ ಹಾಕಿ ನೋಡಿ), ಆಮೇಲೆ ಡಾಕ್ಟರಿಗೆ ತೋರಿಸಿ.

ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ಒದ್ದಾಡಲು ಬಿಡಬೇಡಿ. ತಿನ್ನುವುದಾದರೆ ಕಣ್ಣಿನ ಹಿಂದೆ, ತಲೆಯ ಮೇಲೆ ಕೋಲಿನಿಂದ ಬಲವಾಗಿ ಒಂದು ಏಟು, ಅಲ್ಲಿಗೆ ಮುಗಿಯಬೇಕು. ಹೀಗೆ ಮಾಡುತ್ತೇವೆ ಎಂದು ಮನೆಯಲ್ಲೇ ಮಗುವಿಗೆ ಹೇಳಿರಿ. ಮೀನಿಗೆ ನಿದ್ದೆ ಬಂತು ಎಂಬ ಸುಳ್ಳು ಬೇಡ. ಅತ್ತರೆ ನಗಬೇಡಿ. ಬಿಟ್ಟುಬಿಡೋಣ ಎಂದರೆ ಬಿಟ್ಟುಬಿಡಿ, ಅದೇ ಕೆರೆಗೆ. ಬಾಟಲಿಯಲ್ಲಿ ತುಂಬಿ ಬೇರೆ ನೀರಿಗೆ ಒಯ್ಯಬಾರದು. ಜಿಲೇಬಿ ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಹೊಸ ಕೆರೆ ಹೊಕ್ಕರೆ ನಮ್ಮ ಮೀನುಗಳ ಜಾಗವನ್ನೆಲ್ಲ ಹಿಡಿದುಬಿಡುತ್ತದೆ.

ಒಂದು ಗಂಟೆ ಸಾಕು. ಇಪ್ಪತ್ತು ನಿಮಿಷ ಏನೂ ಕಚ್ಚದಿದ್ದರೆ ಮಗು ಕಲ್ಲೆಸೆಯಲು ಶುರು ಮಾಡುತ್ತದೆ. ಬೈಯಬೇಡಿ, ಜಾಗ ಬದಲಿಸಿ, ಅವಲಕ್ಕಿ ಕೊಡಿ, ದಡದ ಏಡಿ ಬಿಲ ತೋರಿಸಿ. ಇನ್ನೂ ಸ್ವಲ್ಪ ಹೊತ್ತು ಎಂದು ಕೇಳುತ್ತಿರುವಾಗಲೇ ಎದ್ದು ಬನ್ನಿ. ಹೊರಡುವ ಮುನ್ನ ಗಾಳಗಳನ್ನು ಎಣಿಸಿ, ತುಂಡು ದಾರವನ್ನೆಲ್ಲ ಹೆಕ್ಕಿಸಿ. ಹಕ್ಕಿಯ ಕಾಲಿಗೆ ಸುತ್ತಿದ ತಂಗೂಸಿ ಬಿಚ್ಚಿಕೊಳ್ಳುವುದಿಲ್ಲ.

ಮಗು ಹಿಡಿದದ್ದು ಬೆರಳುದ್ದದ್ದಾದರೂ ಅದನ್ನು ಬೇರೆಯೇ ಇಟ್ಟು ಬೇಯಿಸಿ. ಬೂದಿ ಹಾಕಿ ಉಜ್ಜಿದರೆ ಪುಡಿಮೀನಿನ ಹುರುಪೆ ಸಲೀಸಾಗಿ ಬರುತ್ತದೆ. ಉಪ್ಪು, ಅರಿಸಿನ, ಚೂರು ಖಾರ ಸವರಿ ಕಾವಲಿಯ ಮೇಲೆ ಎರಡೂ ಬದಿ ಗರಿಗರಿಯಾಗುವಂತೆ ಸುಟ್ಟು, ಬೆನ್ನುಮೂಳೆಯ ಎರಡೂ ಕಡೆಯ ಮಾಂಸವನ್ನು ಬಿಡಿಸಿ, ಬೆರಳ ತುದಿಯಲ್ಲಿ ಒತ್ತಿ ಮುಳ್ಳಿಲ್ಲ ಎಂದು ಖಾತ್ರಿ ಮಾಡಿಕೊಂಡು ತಟ್ಟೆಗೆ ಹಾಕಿ.