ಐಆರ್‌ಎಸ್: ಮನೆಯ ಒಳಗೋಡೆಗೆ ಸೊಳ್ಳೆ ಔಷಧಿ ಏಕೆ ಹೊಡೆಯುತ್ತಾರೆ?

ಮಲೇರಿಯಾ ಇರುವ ಕಡೆ ಮನೆಮನೆಗೆ ಬಂದು ಒಳಗೋಡೆ, ಸೂರಿಗೆಲ್ಲ ಕೀಟನಾಶಕ ಸಿಂಪಡಿಸುತ್ತಾರೆ. ಆರೋಗ್ಯ ಕಾರ್ಯಕರ್ತರು ಇದನ್ನು ಐಆರ್‌ಎಸ್ ಅನ್ನುತ್ತಾರೆ. ಕನ್ನಡದಲ್ಲಿ ಒಳಾಂಗಣ ಶೇಷ ಸಿಂಪಡಣೆ. ಬೀದಿಯಲ್ಲಿ ಹೊಗೆ ಬಿಡುವ ಫಾಗಿಂಗ್ ಬೇರೆ, ಇದು ಬೇರೆ. ಫಾಗಿಂಗ್ ಆ ಹೊತ್ತಿಗೆ ಹಾರಾಡುವ ಸೊಳ್ಳೆಗಳನ್ನು ಕೊಲ್ಲುತ್ತದೆ. ಹೊಗೆ ಚದುರಿದರೆ ಅದರ ಕೆಲಸ ಮುಗಿಯಿತು. ಐಆರ್‌ಎಸ್‌ನಲ್ಲಿ ಔಷಧಿ ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಗೋಡೆಗೇ ಏಕೆ? ಮಲೇರಿಯಾ ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ. ಅದು ಹೆಚ್ಚಾಗಿ ರಾತ್ರಿ ಕಚ್ಚುತ್ತದೆ. ಹೊಟ್ಟೆ ತುಂಬ ರಕ್ತ ಹೀರಿದ ಮೇಲೆ ಮೈ ಭಾರವಾಗಿ ದೂರ ಹಾರಲಾಗದೆ ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಆಗ ಕಾಲಿಗೆ ಔಷಧಿ ತಗುಲಿ ಸಾಯುತ್ತದೆ.

ಅಂದರೆ ಎಷ್ಟೋ ಸಲ ಸೊಳ್ಳೆ ಸಾಯುವುದು ಕಚ್ಚಿದ ಮೇಲೆ. ಹಾಗಾದರೆ ನಮಗೇನು ಉಪಯೋಗ ಅನ್ನಿಸುತ್ತದೆ, ಅಲ್ವಾ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಎಷ್ಟೋ ಮನೆಯವರು ಸಿಂಪಡಣೆ ಬೇಡ ಅನ್ನುತ್ತಾರೆ. ಉತ್ತರ ಇರುವುದು ಸೊಳ್ಳೆಯ ಹೊಟ್ಟೆಯಲ್ಲಿ. ರೋಗಿಯ ರಕ್ತದ ಜೊತೆ ಒಳಗೆ ಹೋದ ಮಲೇರಿಯಾ ರೋಗಾಣು ಅಲ್ಲಿ ಬೆಳೆದು ಸೊಳ್ಳೆಯ ಜೊಲ್ಲಿಗೆ ಬರಲು ಸುಮಾರು 10 ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅಲ್ಲಿಯವರೆಗೆ ಆ ಸೊಳ್ಳೆ ಕಚ್ಚಿದರೂ ಮಲೇರಿಯಾ ದಾಟುವುದಿಲ್ಲ. ಅಷ್ಟರೊಳಗೆ ಅದು ಎರಡು ಮೂರು ದಿನಕ್ಕೊಮ್ಮೆ ರಕ್ತ ಹೀರಬೇಕು, ಮತ್ತೆ ಮತ್ತೆ ಗೋಡೆಯ ಮೇಲೆ ಕೂರಬೇಕು. ಅವುಗಳಲ್ಲಿ ಒಂದು ಗೋಡೆಗೆ ಔಷಧಿ ಬಿದ್ದಿದ್ದರೂ ಸಾಕು, ರೋಗ ಹರಡುವಷ್ಟು ದಿನ ಅದು ಬದುಕುವುದಿಲ್ಲ.

ಹೀಗಾಗಿ ನಿಮ್ಮ ಗೋಡೆ ಪಕ್ಕದ ಮನೆಯ ಮಗುವನ್ನು ಕಾಯುತ್ತದೆ, ಅವರ ಗೋಡೆ ನಿಮ್ಮನ್ನು. ಅಲ್ಲೊಂದು ಇಲ್ಲೊಂದು ಮನೆಗೆ ಹೊಡೆದರೆ ಔಷಧಿ, ದುಡ್ಡು ಎರಡೂ ದಂಡ. ಕನಿಷ್ಠ 80 ಶೇಕಡಾ ಮನೆಗಳಿಗಾದರೂ ಸಿಂಪಡಣೆ ಆಗಬೇಕು ಎಂಬುದು ಬಹುಕಾಲದಿಂದ ಇರುವ ಗುರಿ. ನನ್ನ ಪ್ರಕಾರ ಇಡೀ ಅಭಿಯಾನದ ಕಷ್ಟವೆಲ್ಲ ಇಲ್ಲೇ ಇದೆ. ಪಂಪು ಹಿಡಿಯುವುದನ್ನು ಕಲಿಸಬಹುದು. ಒಪ್ಪದ ಮನೆಯ ಬಾಗಿಲಲ್ಲಿ ನಿಂತು ತಾಳ್ಮೆಯಿಂದ ಮಾತಾಡುವವರು ಸಿಗುವುದು ಕಷ್ಟ.

ಬೇಡ ಅನ್ನುವವರಿಗೂ ಕಾರಣ ಇರುತ್ತದೆ. ವಾಸನೆ, ಗೋಡೆಯ ಮೇಲಿನ ಬಿಳಿ ಕಲೆ, ಸಾಮಾನೆಲ್ಲ ಹೊರಗಿಡುವ ಪಾಡು. ಡಿಡಿಟಿ ಎಂಬ ಕೀಟನಾಶಕ ಹೊಡೆದ ಕೆಲವು ಕಡೆ ಇನ್ನೊಂದು ತೊಂದರೆ ಕಂಡಿತು. ಔಷಧಿಗೆ ಬಗ್ಗದ ತಿಗಣೆಗಳು ಸಾಯುವ ಬದಲು ಕೆರಳಿ ಇನ್ನೂ ಜಾಸ್ತಿ ಕಾಡಿದವು. ಜನ ಬೇಸತ್ತು ಬಾಗಿಲು ಮುಚ್ಚಿದರೆ ಅವರನ್ನು ಬೈದು ಫಲವಿಲ್ಲ.

ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಕಂಡುಕೊಂಡವರು ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಪೌಲ್ ಮುಲ್ಲರ್. ಅವರಿಗೆ 1948ರಲ್ಲಿ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆ 1955ರಲ್ಲಿ ಶುರು ಮಾಡಿದ ಮಲೇರಿಯಾ ನಿರ್ಮೂಲನಾ ಕಾರ್ಯಕ್ರಮ ಹೆಚ್ಚಾಗಿ ಇದನ್ನೇ ನಂಬಿತ್ತು. ಹಾನಿಕರ ರಾಸಾಯನಿಕಗಳ ಬಗ್ಗೆ ದೇಶಗಳು 2001ರಲ್ಲಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದ ಡಿಡಿಟಿಗೆ ಕಡಿವಾಣ ಹಾಕಿದರೂ ರೋಗ ಹರಡುವ ಕೀಟಗಳ ಹತೋಟಿಗೆ ಬಳಸಲು ಅವಕಾಶ ಉಳಿಸಿತು. ಈಗ ಡೆಲ್ಟಾಮೆಥ್ರಿನ್, ಪಿರಿಮಿಫಾಸ್-ಮೀಥೈಲ್, ಕ್ಲೋಥಿಯಾನಿಡಿನ್‌ನಂಥವೂ ಇವೆ. ಒಂದೇ ಔಷಧಿಯನ್ನು ವರ್ಷಗಟ್ಟಲೆ ಹೊಡೆದರೆ ಸೊಳ್ಳೆ ಅದಕ್ಕೆ ಒಗ್ಗಿಬಿಡುತ್ತದೆ. ಅದಕ್ಕೇ ಬೇರೆ ಬೇರೆ ಗುಂಪಿನ ಔಷಧಿಗಳನ್ನು ಸರದಿಯಂತೆ ಬಳಸಬೇಕು.

ಮಲೇರಿಯಾ ಏರುವ ಕಾಲ ಶುರುವಾಗುವ ಮೊದಲೇ ಸಿಂಪಡಣೆ ಮುಗಿಯಬೇಕು. ಅದಕ್ಕೆ ಮನೆಗಳ ಪಟ್ಟಿ, ನಕ್ಷೆ ಮೊದಲೇ ಬೇಕು, ಯಾವ ದಿನ ಬರುತ್ತೇವೆ ಎಂದು ಮನೆಯವರಿಗೂ ಗೊತ್ತಿರಬೇಕು. ಸಿಂಪಡಿಸುವವರು ನಳಿಕೆಯ ತುದಿಯನ್ನು ಗೋಡೆಯಿಂದ 45 ಸೆಂಟಿಮೀಟರ್ ದೂರದಲ್ಲೇ ಹಿಡಿದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಒಂದೇ ವೇಗದಲ್ಲಿ ಸಾಗುತ್ತಾರೆ. ಒಂದೊಂದು ಪಟ್ಟಿ 75 ಸೆಂಟಿಮೀಟರ್ ಅಗಲ. ಪಕ್ಕದ ಪಟ್ಟಿ ಇದರ ಮೇಲೆ 5 ಸೆಂಟಿಮೀಟರ್ ಹಾಯಬೇಕು. ನಿಮಿಷಕ್ಕೆ 19 ಚದರ ಮೀಟರ್ ಆಗಬೇಕು. ಅವಸರ ಮಾಡಿದರೆ ಔಷಧಿ ತೆಳುವಾಗುತ್ತದೆ, ನಿಧಾನಿಸಿದರೆ ಗೋಡೆಯಿಂದ ಸೋರುತ್ತದೆ. ಬಿಸಿಲಿನ ದಿನ ಮುಖಗವಸು, ಕೈಗವಸು, ಬೂಟು ಹಾಕಿಕೊಂಡು ಭಾರದ ಪಂಪು ಹೊತ್ತು ದಿನವಿಡೀ ಇದನ್ನು ಮಾಡುವವರ ಶ್ರಮಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಗುತ್ತಿಲ್ಲ.

ಮನೆಯವರು ಮೊದಲೇ ಆಹಾರ, ನೀರು, ಪಾತ್ರೆ, ಹಾಸಿಗೆ ಹೊರಗಿಡಬೇಕು. ಸಿಂಪಡಣೆಯಾದ ಮೇಲೆ ಕನಿಷ್ಠ 2 ಗಂಟೆ ಒಳಗೆ ಹೋಗಬಾರದು. ಆಮೇಲೆ ಗಾಳಿಯಾಡಲು ಬಿಟ್ಟು, ನೆಲ ಗುಡಿಸಿ, ಸತ್ತ ಹುಳುಗಳನ್ನು ಕೋಳಿಗೆ ಸಿಗದಂತೆ ಹೂಳಬೇಕು. ಗೋಡೆಯನ್ನು ಮಾತ್ರ ತಿಂಗಳುಗಟ್ಟಲೆ ತೊಳೆಯಬಾರದು, ಸಾರಿಸಬಾರದು, ಸುಣ್ಣ ಬಳಿಯಬಾರದು. ಪಂಪು ತೊಳೆದ ನೀರು ಕೆರೆಗೆ, ಹಳ್ಳಕ್ಕೆ ಸೇರಲೇಬಾರದು. ಮೀನುಗಳು ಸಾಯುತ್ತವೆ.

ಎಲ್ಲ ಕಡೆಗೂ ಐಆರ್‌ಎಸ್ ಹೊಂದುವುದಿಲ್ಲ. ಹೊರಗೇ ಕಚ್ಚಿ ಹೊರಗೇ ಕೂರುವ ಸೊಳ್ಳೆಗಳಿಗೆ ಗೋಡೆಯ ಔಷಧಿ ತಗುಲುವುದೇ ಇಲ್ಲ. ಹೊಲದ ಕಾವಲಿಗೆ, ಕಾಡಿನ ಕೆಲಸಕ್ಕೆ ಹೋಗಿ ಬಯಲಲ್ಲಿ ಮಲಗುವವರಿಗೆ ಬೇರೆ ರಕ್ಷಣೆ ಬೇಕು. ಎಲ್ಲೇ ಇದ್ದರೂ ಜ್ವರ ಬಂದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಬೇಕು, ಗೋಡೆಗೆ ಔಷಧಿ ಹೊಡೆಸಿದ್ದರೂ ಕೂಡ.